ಏಲಕ್ಕಿ ಮುದ್ದೆ

ಒಂದು ಮನೆಯಿಂದ ಇನ್ನೊಂದು ಮನೆಗೆ ತಿಂಡಿ ಹೊತ್ತು ಹೋದ ಪಾತ್ರೆ ಬರಿದಾಗಿ ಹಿಂದಿರುಗಬಾರದು. ಇದು ಯಾವ ಶಾಸ್ತ್ರದಲ್ಲಿದೆಯೋ ನಾನು ಕಾಣೆ. ಅಜ್ಜಂಪುರದ ನಮ್ಮ ಬೀದಿಯಲ್ಲಿ ಶಾಸ್ತ್ರ ಮೀರಿದವರು ಬೇಕಾದಷ್ಟು ಮಂದಿ ಇದ್ದಾರೆ, ಇದನ್ನು ಮೀರಿದವರಿಲ್ಲ. ಹಾಕಿಕೊಡಲು ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಇರಬೇಕು. ನನ್ನ ಮನೆಯಾಕೆ ಲಿಂಗೈಕ್ಯಳಾದ ತಿಂಗಳು, ನೆರೆಯವರು ಊಟ ತಂದಿಟ್ಟ ಪಾತ್ರೆಗಳನ್ನು ಹಿಂದಿರುಗಿಸುವಾಗ, ಸಕ್ಕರೆ ಎಲ್ಲಿಟ್ಟಿದ್ದಾಳೆಂದು ತಿಳಿಯದೆ ಒಂದೊಂದರಲ್ಲೂ ಒಂದು ವಿಭೂತಿ ಗಟ್ಟಿ ಇಟ್ಟು ಕೊಟ್ಟೆ. ಯಾರೂ ನಗಲಿಲ್ಲ. ಪಾತ್ರೆ ಬರಿದಾಗಿರಲಿಲ್ಲ, ಅಷ್ಟು ಸಾಕಾಗಿತ್ತು ಅವರಿಗೆ.

ಇಷ್ಟು ಪೀಠಿಕೆ ಏಕೆಂದರೆ, ನಮ್ಮ ಪಕ್ಕದ ಮನೆಯ ಸಿದ್ದಲಿಂಗೇಶನ ಮದುವೆ ಒಂದು ಸ್ಟೀಲ್ ಡಬ್ಬಿಯಲ್ಲಿ ಸಿಕ್ಕಿಕೊಂಡಿತು.

ಸಿದ್ದಲಿಂಗೇಶ ಹಿಟ್ಟಿನ ಗಿರಣಿಯವನು. ತಂದೆಯಿಲ್ಲ, ತಾಯಿ ಸಾವಿತ್ರಮ್ಮ ಇದ್ದಾಳೆ. ತಲೆಯಲ್ಲಿ ನರೆ ಕಾಣಿಸಿಕೊಂಡಿದ್ದರೂ ಕಂಕಣಬಲ ಕೂಡಿ ಬಂದಿರಲಿಲ್ಲ. ಗಿರಣಿಯವನ ಕೂದಲು ಬೆಳ್ಳಗಾದರೆ ಹಿಟ್ಟೆಂದು ಹೇಳಿ ತಪ್ಪಿಸಿಕೊಳ್ಳಬಹುದು, ಆ ಮಾತು ಬೇರೆ. ಕೊನೆಗೆ ಕಡೂರಿನ ಗಂಗಾಧರಯ್ಯನವರು ತರೀಕೆರೆಯ ಸಂಬಂಧವೊಂದನ್ನು ಕುದುರಿಸಿದರು. ಹುಡುಗಿ ಮಾಲಿನಿ, ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ತಂದೆ ಕಲ್ಲೇಶಪ್ಪ ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ದೀಪಾವಳಿಗೆ ಮೊದಲು ಒಪ್ಪಿಗೆ ಶಾಸ್ತ್ರ ಮುಗಿಯಿತು, ಮಾಘದಲ್ಲಿ ಮದುವೆ ಎಂದಾಯಿತು. ಹುಡುಗಿ ತಾನಾಗಿ ಒಪ್ಪಿದ್ದಳು. ಇದನ್ನು ಸಿದ್ದಲಿಂಗೇಶನಿಗೆ ನಂಬಲಾಗಲಿಲ್ಲ. ಅನರ್ಥದ ಬೇರು ಇಲ್ಲಿಯೇ ಇತ್ತು.

ದೀಪಾವಳಿಗೆ ಸಾವಿತ್ರಮ್ಮ ಕರ್ಜಿಕಾಯಿ ಮಾಡಿ, ತನ್ನ ಹೆಸರು ಕೆತ್ತಿಸಿದ ಡಬ್ಬಿಯಲ್ಲಿ ತುಂಬಿ, ಬಸ್ ಕಂಡಕ್ಟರ್ ತಿಮ್ಮೇಶನ ಕೈಯಲ್ಲಿ ತರೀಕೆರೆಗೆ ಕಳುಹಿಸಿದಳು. ಹಬ್ಬ ಕಳೆದ ಮೇಲೆ ಡಬ್ಬಿ ಅದೇ ಬಸ್ಸಿನಲ್ಲಿ ಹಿಂದಿರುಗಿತು. ತಿಮ್ಮೇಶ ಅದನ್ನು ಗಿರಣಿಯ ಕಟ್ಟೆಯ ಮೇಲೆ, ಸರದಿಗೆ ಕಾದಿದ್ದ ಡಬ್ಬಿಗಳ ಸಾಲಿನಲ್ಲಿ ಇಟ್ಟು, "ಸಿದ್ದಣ್ಣಾ, ನಿಮ್ ಡಬ್ಬಿ!" ಎಂದು ಕೂಗಿ ಓಡಿದ. ಹಿಂದೆ ಬಸ್ಸು ಹಾರನ್ ಹೊಡೆಯುತ್ತಿತ್ತು.

ಆ ಹೊತ್ತಿಗೆ ಸಿದ್ದಲಿಂಗೇಶ ಮಾಲಿನಿಯೊಡನೆ ಫೋನಿನಲ್ಲಿದ್ದ. ಫೋನು ಕಿವಿಗೂ ಹೆಗಲಿಗೂ ನಡುವೆ, ಕೈಯಲ್ಲಿ ಡಬ್ಬಿ, ಎದುರಿಗೆ ಗಡಗಡ ಗಿರಣಿ. ಅವಳು ಏನೇನೋ ಹೇಳಿದಳು. ಇವನಿಗೆ ಒಂದಕ್ಷರ ಕೇಳಿಸಲಿಲ್ಲ. ಗಿರಣಿ ನಿಲ್ಲಿಸಿದರೆ ಕಾದಿದ್ದ ಹೆಂಗಸರು ಬೈಯುತ್ತಾರೆ, ಕೇಳಿಸಲಿಲ್ಲವೆಂದರೆ ಮೇಡಂ ಏನೆಂದುಕೊಂಡಾರು ಎಂದು ಎಲ್ಲದಕ್ಕೂ "ಹ್ಞೂಂ ಹ್ಞೂಂ, ಆಗ್ಲಿ" ಎನ್ನುತ್ತಾ, ಮುಖದ ತುಂಬ ನಗುತ್ತಾ, ಸಾಲಿನಲ್ಲಿದ್ದ ಡಬ್ಬಿಗಳನ್ನು ಒಂದೊಂದಾಗಿ ಗಿರಣಿಯ ಬಾಯಿಗೆ ಸುರಿದ.

ಸಂಜೆ ಕಟ್ಟೆಯ ಮೇಲೆ ಒಂದು ಡಬ್ಬಿ ಉಳಿಯಿತು. ತಿರುಗಿಸಿ ನೋಡಿದರೆ ತಾಯಿಯ ಹೆಸರು. ಮುಚ್ಚಳ ತೆಗೆದರೆ ಬರಿದು.

ಸಾವಿತ್ರಮ್ಮ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದಳು. ತಲೆಕೆಳಗು ಮಾಡಿ ತಟ್ಟಿದಳು.

"ಒಂದು ಕಾಳು ಸಕ್ಕರೆನೂ ಇಲ್ವಲ್ಲೋ!"

"ಮರ್ತಿರ್ಬೇಕು ಬಿಡವ್ವಾ."

"ಮರೆಯಾಕೆ ಅದೇನು ಪಾಠ ಏನೋ? ಹೋಗ್ಲಿ ಬಿಡು, ಓದಿದೋರಿಗೆ ಇದೆಲ್ಲ ಗೊತ್ತಿರಾಕಿಲ್ಲ" ಎಂದು ಅವಳು ಡಬ್ಬಿಯನ್ನು ತೊಳೆದು ಕವುಚಿದಳು. ಅವಳ ಪಾಲಿಗೆ ವಿಷಯ ಅಲ್ಲಿಗೆ ಮುಗಿಯಿತು. ಮಗನ ಪಾಲಿಗೆ ಅಲ್ಲಿಂದ ಶುರುವಾಯಿತು.

ಮರುದಿನ ಎದುರು ಮನೆಯ ದಾಕ್ಷಾಯಣಮ್ಮ ಗಿರಣಿಗೆ ನುಗ್ಗಿದಳು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಅರ್ಧ ಮುದ್ದೆ.

"ಲೇ ಸಿದ್ದಾ, ಇದನ್ನ ಮೂಸಿ ನೋಡು! ಏನು ಬೀಸಿದ್ಯೋ ನಮ್ ರಾಗಿ ಜೊತೆಗೆ? ಸೊಪ್ಪಿನ ಸಾರಿಗೆ ಅದ್ದಿ ಬಾಯಿಗಿಟ್ರೆ ಏಲಕ್ಕಿ ವಾಸ್ನೆ ಹೊಡಿತೈತೆ! ನಮ್ಮನೆಯೋರು 'ಯಾರ ಮದ್ವೆ ಊಟನೇ ಇದು' ಅಂತ ಎದ್ದೋದ್ರು!"

ಸಿದ್ದಲಿಂಗೇಶ ಮೂಸಲಿಲ್ಲ. ಅವನು ಗೋಡೆ ನೋಡುತ್ತಾ ನಿಂತಿದ್ದ.

"ಏನೋ ಆಯ್ತು ನಿಂಗೆ? ಮುಖ ಯಾಕೆ ಹಂಗೈತೆ?"

"ತರೀಕೆರೆಯಿಂದ ಡಬ್ಬಿ ಬರಿದು ಬಂತು, ದಾಕ್ಷಾಯಣಕ್ಕಾ."

ದಾಕ್ಷಾಯಣಮ್ಮ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕುಳಿತಳು. ಮುದ್ದೆಯ ಮಾತು ಅಲ್ಲಿಗೆ ನಿಂತುಹೋಯಿತು.

"ಬರಿದು ಅಂದ್ರೆ? ಪೂರ್ತಿ ಬರಿದಾ?"

"ಪೂರ್ತಿ."

"ಶಿವ ಶಿವಾ! ಹಂಗಾದ್ರೆ ಮನಸ್ಸಿಲ್ಲ ಕಣೋ ಅವರಿಗೆ. ಬಾಯಲ್ಲಿ ಹೇಳಾಕೆ ಆಗ್ದೋರು ಡಬ್ಬೀಲಿ ಹೇಳ್ತಾರೆ. ನಮ್ ಶಿವನಿ ಚಿಕ್ಕಮ್ಮನ ಮಗಳಿಗೆ ಹಿಂಗೇ ಆಗಿತ್ತು."

ಶಿವನಿ ಊರಿನ ಆ ಹುಡುಗಿಗೆ ಏನಾಗಿತ್ತೆಂದು ಅವಳು ಹೇಳಲಿಲ್ಲ. ಹೇಳದೆ ಬಿಟ್ಟದ್ದರಿಂದ ಸಿದ್ದಲಿಂಗೇಶನಿಗೆ ಆಗಬಾರದ್ದೆಲ್ಲ ಹೊಳೆಯಿತು. ಎಲ್ಲಕ್ಕೂ ಉತ್ತರ ಆಕೆಯ ತಟ್ಟೆಯಲ್ಲಿಯೇ ಘಮಘಮಿಸುತ್ತಿತ್ತು. ಅದನ್ನು ಗಿರಣಿಯ ಮುಂದಿನ ನಾಯಿ ತಿಂದು ಬಾಲ ಅಲ್ಲಾಡಿಸಿತು.

ಅವನು ತಿಮ್ಮೇಶನನ್ನು ಕೇಳಿದ. ಆ ಪುಣ್ಯಾತ್ಮನಿಗೆ ಸಿಟ್ಟು ಬಂತು.

"ಏನ್ ಸಿದ್ದಣ್ಣಾ, ನಾನು ಮುಚ್ಚಳ ತೆಗ್ದು ತಿನ್ನೋನಾ? ಇಷ್ಟು ವರ್ಷ ಎಷ್ಟು ಮನೆ ಬುತ್ತಿ ಸಾಗ್ಸಿದೀನಿ!"

"ಹಂಗಲ್ಲಪ್ಪಾ, ಭಾರ ಇತ್ತಾ ಅಂತ ಕೇಳ್ದೆ."

"ಬಸ್ಸಿನಾಗೆ ಬರೋದೆಲ್ಲ ಭಾರನೇ ಕಣ್ರೀ!" ಎಂದು ಅವನು ಸೀಟಿ ಊದಿದ.

ಅದೇ ಸಂಜೆ ಮಾಲಿನಿಯೇ ಫೋನು ಮಾಡಿದಳು. ಈ ಸಲ ಗಿರಣಿ ನಿಂತಿತ್ತು. ಪ್ರತಿಯೊಂದು ಮಾತೂ ಸ್ಪಷ್ಟವಾಗಿ ಕೇಳಿಸಿತು. ಕೇಳಿಸದಿದ್ದರೆ ಒಳ್ಳೆಯದಿತ್ತು.

"ಡಬ್ಬಿ ಬಂತಾ?"

"ಬಂತು."

"ತೆಗ್ದು ನೋಡಿದ್ರಾ?"

"ನೋಡ್ದೆ."

"ಏನನ್ನಿಸ್ತು?" ಧ್ವನಿಯಲ್ಲಿ ನಗುವಿತ್ತು.

"ಅನ್ನಿಸೋದೇನು. ಅರ್ಥ ಆಯ್ತು."

"ನಿಮಗೆ ಅರ್ಥ ಆಗುತ್ತೆ ಅಂತ ಗೊತ್ತಿತ್ತು ನಂಗೆ. ಅಪ್ಪ ಅಂದ್ರು, ಇನ್ನೊಂದ್ಸಲ ಬಿಡಿಸಿ ಹೇಳಮ್ಮಾ ಅಂತ. ನಾನೇ ಬೇಡ ಅಂದೆ. ಸರಿ, ಹೊರಗೆ ಯಾರೋ ಬಂದ್ರು, ಇಡ್ತೀನಿ."

ಸಿದ್ದಲಿಂಗೇಶ ಹಿಟ್ಟಿನ ಚೀಲದ ಮೇಲೆ ಕುಸಿದ. ಗೊತ್ತಿತ್ತಂತೆ! ನಗುನಗುತ್ತಾ ಹೇಳಿದಳಲ್ಲಾ! ಅಪ್ಪನಿಗೂ ತಿಳಿದಿದೆ!

ಆ ದಿನದಿಂದ ಅವನ ತಲೆಯೊಳಗೆ ಇನ್ನೊಂದು ಗಿರಣಿ ಕೂತಿತು. ಹೊರಗಿನದಕ್ಕೆ ಸ್ವಿಚ್ಚಿತ್ತು, ಕರೆಂಟು ಹೋದರೂ ನಿಲ್ಲುತ್ತಿತ್ತು. ಒಳಗಿನದಕ್ಕೆ ಎರಡೂ ಇಲ್ಲ. ಹಾಕಿದ ಕಾಳು ಒಂದೇ, ಬೀಸಿದ್ದನ್ನೇ ಬೀಸಿತು. ಒಪ್ಪಿಗೆಯ ದಿನ ಅವಳು ಕಾಫಿ ಅರ್ಧ ಬಿಟ್ಟಿದ್ದೇಕೆ? ಫೋಟೋದಲ್ಲಿ ಬೇರೆ ಕಡೆ ನೋಡಿದ್ದೇಕೆ? ಮಾತನಾಡಬೇಕೆಂದು ಅವಳ ನಂಬರು ಒತ್ತುವನು, ಒಂದು ರಿಂಗಾದೊಡನೆ ಹೆದರಿ ಕತ್ತರಿಸುವನು. ಅವಳು ತಿರುಗಿ ಮಾಡಿದರೆ ಎತ್ತುತ್ತಿರಲಿಲ್ಲ. ಎತ್ತಿದರೆ ಬೇಡ ಎಂದುಬಿಟ್ಟರೆ? ತರಗತಿಯಲ್ಲಿ ಮೇಡಂ ಪಾಠ ಮಾಡುವಾಗ ಅವಳ ಫೋನು ದಿನವಿಡೀ ಒಂದೊಂದು ಸಲ ಕುಂಯ್ ಎನ್ನುತ್ತಿತ್ತಂತೆ.

ಗಿರಣಿಯ ಕೆಲಸ ಕೆಟ್ಟಿತು. ಒಬ್ಬರ ಗೋಧಿ ಇನ್ನೊಬ್ಬರ ಚೀಲಕ್ಕೆ, ಮೆಣಸಿನಕಾಯಿ ಬೀಸಿದ ಮಿಷನ್ನಿಗೆ ಅಕ್ಕಿ. ಶಾಲೆ ಬಿಟ್ಟ ಹುಡುಗರು ಅಕ್ಕಿರೊಟ್ಟಿ ತಿಂದು ನಲ್ಲಿಗೆ ಓಡಿದರು. ಬೀದಿಗೆ ಬೀದಿಯೇ ಅವನ ಮನಸ್ಸನ್ನು ಶಾಂತ ಮಾಡಲು ನಿಂತಿತು. ಒಬ್ಬರು ಸೀಗೆಪುಡಿ ಹಚ್ಚಿ ತಣ್ಣೀರು ಹುಯ್ಯಿಸಿದರು. ಇನ್ನೊಬ್ಬರು ಮೊಬೈಲಿನಲ್ಲಿ ಒಂದು ವಿಡಿಯೋ ಹಾಕಿಕೊಟ್ಟರು. ಅದರಲ್ಲಿ ಒಬ್ಬಾಕೆ ಕೊಳಲಿನ ಹಿನ್ನೆಲೆಯಲ್ಲಿ, "ನಿಮ್ಮ ಯೋಚನೆಗಳು ಆಕಾಶದಲ್ಲಿ ತೇಲಿಹೋಗುವ ಮೋಡಗಳೆಂದು ತಿಳಿಯಿರಿ" ಎಂದು ಹೇಳುತ್ತಿದ್ದಳು. ಸಿದ್ದಲಿಂಗೇಶ ಕಣ್ಣು ಮುಚ್ಚಿದ. ಮೋಡಗಳು ಬಂದವು. ಎಲ್ಲಕ್ಕೂ ಮುಚ್ಚಳವಿತ್ತು.

ಕೊನೆಗೆ ಸಾವಿತ್ರಮ್ಮ ಕಾರ್ತಿಕ ಸೋಮವಾರ ಅವನನ್ನು ಮಠಕ್ಕೆ ಕರೆದೊಯ್ದಳು. ನಾನೂ ಜೊತೆಗಿದ್ದೆ. ಸ್ವಾಮಿಗಳು ಕಥೆಯೆಲ್ಲ ಕೇಳಿದರು.

"ಮನಸ್ಸು ನಿಲ್ಲಂಗಿಲ್ಲ ಬುದ್ಧೀ" ಎಂದ ಸಿದ್ದಲಿಂಗೇಶ.

"ಬೆಲ್ಟು ಬಿಚ್ದೇ ಗಿರಣಿ ಕಲ್ಲು ನಿಲ್ಲುತ್ತೇನಪ್ಪಾ? ಮೊದಲು ಪೂಜೆಗೆ ಕೂತ್ಕೋ. ಇಷ್ಟಲಿಂಗಾನ ಅಂಗೈಲಿಟ್ಟು ಅದನ್ನೇ ನೋಡು, ಉಸಿರು ನಿಧಾನ ಆಗ್ಲಿ. ಆಮೇಲೆ ಎದ್ದು ಹೋಗಿ ಆ ಮಗೂನ ನೇರವಾಗಿ ಕೇಳ್ಬಿಡು, 'ಡಬ್ಬಿ ಯಾಕವ್ವಾ ಬರಿದು ಬಂತು' ಅಂತ. ಅಷ್ಟೇ."

ಉಪದೇಶದಲ್ಲಿ ಕಷ್ಟವಾದದ್ದನ್ನು ಕೈಗೊಂಡು ಸುಲಭವಾದದ್ದನ್ನು ಅಲ್ಲಿಯೇ ಬಿಟ್ಟು ಬರುವುದು ಭಕ್ತರ ಹಳೆಯ ರೂಢಿ. ಸಿದ್ದಲಿಂಗೇಶ ಸಂಜೆಯವರೆಗೂ ಮಠದ ಕಂಬಕ್ಕೊರಗಿ ಅಂಗೈ ನೋಡುತ್ತಾ ಕುಳಿತ. ಕೇಳುವ ಮಾತು ಮಾತ್ರ ಅವನ ಬಾಯಿಗೆ ಬರಲಿಲ್ಲ. ಅಂದು ಅವನು ಬೇರೆಲ್ಲಿರಬೇಕಾಗಿತ್ತು ಎಂಬುದು ನಮಗಾರಿಗೂ ಗೊತ್ತಿರಲಿಲ್ಲ.

ಎರಡು ದಿನ ಬಿಟ್ಟು, ಕೇಳುವುದಕ್ಕಿಂತ ನೋಡುವುದು ಮೇಲೆಂದು ತೀರ್ಮಾನಿಸಿ ತರೀಕೆರೆಗೆ ಹೊರಟ. ಗುರುತು ಸಿಗಬಾರದೆಂದು ಬಿಳಿ ತುಂಬುತೋಳಿನ ಅಂಗಿ ತೊಟ್ಟ, ಕಪ್ಪು ಕನ್ನಡಕ ಹಾಕಿದ, ಬಗಲಲ್ಲಿ ಗಿರಣಿಯ ಬೆಲ್ಟು ತರುವ ಕಪ್ಪು ಚೀಲ ಸಿಕ್ಕಿಸಿದ. ಶಾಲೆಯ ಎದುರಿನ ಟೀ ಅಂಗಡಿಯಲ್ಲಿ ಕುಳಿತು ಗೇಟನ್ನು ನೋಡತೊಡಗಿದ. ಯಾರು ಬಂದರೂ ಒಮ್ಮೆ ಅವರನ್ನು, ಒಮ್ಮೆ ಕೈಗಡಿಯಾರವನ್ನು ನೋಡುವನು.

ಆ ವಾರ ಮೇಲಿನ ಸಾಹೇಬರೊಬ್ಬರು ಹೇಳದೆ ಕೇಳದೆ ತಪಾಸಣೆಗೆ ಬರುತ್ತಾರೆಂಬ ಸುದ್ದಿ ಶಾಲೆಯಲ್ಲಿ ಹಬ್ಬಿತ್ತು. ಜವಾನ ಇವನನ್ನು ನೋಡಿದ, ಒಳಕ್ಕೆ ಓಡಿದ. ಮುಖ್ಯೋಪಾಧ್ಯಾಯ ರಾಮಯ್ಯನವರು ಬೆವರು ಒರೆಸಿಕೊಳ್ಳುತ್ತಾ ರಸ್ತೆ ದಾಟಿ ಬಂದರು.

"ಸಾರ್, ಬಿಸಿಲಲ್ಲಿ ಕೂತ್ಬಿಟ್ರಲ್ಲಾ ಸಾರ್! ಒಳಗೆ ದಯಮಾಡಿಸ್ಬೇಕು."

"ಇಲ್ಲ ಇಲ್ಲ, ನಾನು ಸುಮ್ನೆ..."

"ಗೊತ್ತು ಸಾರ್. ದೊಡ್ಡೋರು ಬರೋದೇ ಹಂಗೆ."

ಸಾಹೇಬರನ್ನು ವಾಕ್ಯ ಪೂರ್ತಿ ಮಾಡಲು ಬಿಡುವುದು ನಮ್ಮ ಕಚೇರಿಗಳ ಪದ್ಧತಿಯಲ್ಲ. ಸಿದ್ದಲಿಂಗೇಶ ಮುಖ್ಯೋಪಾಧ್ಯಾಯರ ಕುರ್ಚಿಯಲ್ಲಿದ್ದ, ಕೈಯಲ್ಲಿ ಎಳನೀರಿತ್ತು. ಎಳನೀರು ತಂಪಾಗಿತ್ತು. ಇಷ್ಟು ದಿನದಲ್ಲಿ ಯಾರೂ ಅವನನ್ನು ಇಷ್ಟು ಗೌರವದಿಂದ ನೋಡಿರಲಿಲ್ಲ. ಬಿಸಿಯೂಟದ ಕೋಣೆ ತೋರಿಸಿದರು. ಅಲ್ಲಿನ ಹಿಟ್ಟನ್ನು ಬೆರಳಿನಲ್ಲಿ ಉಜ್ಜಿ, ಅಭ್ಯಾಸಬಲದಿಂದ, "ತರಿ ಉಳಿದೈತೆ. ಕಲ್ಲು ಕುಟ್ಟಿಸ್ಬೇಕು" ಎಂದ. ರಾಮಯ್ಯನವರು "ಕಲ್ಲು ಕುಟ್ಟಿಸುವುದು" ಎಂದು ಬರೆದುಕೊಂಡರು. ಶಾಲೆಯಲ್ಲಿ ಯಾವ ಕಲ್ಲಿದೆಯೆಂದು ಕೇಳುವ ಧೈರ್ಯ ಅವರಿಗಿರಲಿಲ್ಲ.

"ಯಾರ ಪಾಠ ನೋಡ್ತೀರಿ ಸಾರ್?"

ಇಲ್ಲಿಯಾದರೂ ಎದ್ದು ಬರಬಹುದಿತ್ತು. ಆದರೆ ಬಾಯಿ ಅವನನ್ನು ಕೇಳದೆ ಹೇಳಿತು: "ವಿಜ್ಞಾನದ ಮೇಡಂದು."

ಮಾಲಿನಿ ಪುಸ್ತಕಗಳನ್ನು ಎದೆಗವಚಿಕೊಂಡು, ತಲೆ ತಗ್ಗಿಸಿ ಒಳಗೆ ಬಂದಳು. ತಲೆಯೆತ್ತಿದಳು.

"ಸಾರ್, ಇವ್ರು ಸಾಹೇಬ್ರಲ್ಲ" ಎಂದಳು ಮೆಲ್ಲಗೆ. "ಅಜ್ಜಂಪುರದ ಗಿರಣಿಯೋರು. ನನ್ನ ಮದ್ವೆ ಆಗೋರು."

ರಾಮಯ್ಯನವರು ಒಮ್ಮೆ ಅವನನ್ನು, ಒಮ್ಮೆ ಎಳನೀರಿನ ಬುರುಡೆಯನ್ನು ನೋಡಿದರು. ಕಿಟಕಿಯಲ್ಲಿ ಇಣುಕುತ್ತಿದ್ದ ಮಕ್ಕಳು ಹೋ ಎಂದು ನಕ್ಕರು.

"ಯಾಕೆ ಬಂದ್ರಿ?" ಎಂದಳು ಮಾಲಿನಿ. ಕಣ್ಣಲ್ಲಿ ನೀರಿತ್ತು.

ಸ್ವಾಮಿಗಳು ಹೇಳಿಕೊಟ್ಟ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಸಮಯ ಬರುವುದಿರಲಿಲ್ಲ. ಸಿದ್ದಲಿಂಗೇಶ ಗಂಟಲು ಸರಿಮಾಡಿಕೊಂಡ.

"ಬೆಲ್ಟ್ ತರಾಕೆ ಬಂದಿದ್ದೆ" ಎಂದ.

ಆಮೇಲೆ ಹಿರಿಯರು ಸೇರಲೇಬೇಕಾಯಿತು. ಕಡೂರಿನಲ್ಲಿ ಗಂಗಾಧರಯ್ಯನವರ ಮನೆಯ ಪಡಸಾಲೆ. ಅವರು ಹಿಂದೆ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದವರು, ಮನುಷ್ಯರ ವ್ಯಾಜ್ಯವನ್ನೂ ಹೊಲದ ವ್ಯಾಜ್ಯದಂತೆ ನಡೆಸುವರು. ಒಂದು ಚಾಪೆಯ ಮೇಲೆ ಕಲ್ಲೇಶಪ್ಪ ಮತ್ತು ಮಾಲಿನಿ. ಎದುರು ಚಾಪೆಯ ಮೇಲೆ ಸಾವಿತ್ರಮ್ಮ, ಸಿದ್ದಲಿಂಗೇಶ, ನಾನು. ಕರೆಯದಿದ್ದರೂ ಸಾಕ್ಷಿಯೆಂದು ಹೇಳಿಕೊಂಡು ಬಂದಿದ್ದ ದಾಕ್ಷಾಯಣಮ್ಮ. ನಡುವೆ ಡಬ್ಬಿ.

"ಸ್ವತ್ತು ಇದೇನಾ?" ಎಂದರು ಗಂಗಾಧರಯ್ಯ.

"ಇದೇ" ಎಂದಳು ಸಾವಿತ್ರಮ್ಮ.

"ಕಲ್ಲೇಶಪ್ಪನೋರೇ, ಇದನ್ನ ಬರಿದಾಗಿ ಕಳ್ಸಿದ್ದು ಹೌದೋ?"

ಕಲ್ಲೇಶಪ್ಪ ಹೆಚ್ಚು ಮಾತಿನವರಲ್ಲ. ಈಗ ಕೆಂಪಾದರು. "ಬರಿದಾ? ಯಾರ್ರೀ ಹೇಳಿದ್ದು? ನಮ್ಮನೆಯಿಂದ ಬರಿದು ಪಾತ್ರೆ ಹೋಗೈತಾ ಯಾವತ್ತಾದ್ರೂ? ಮುಚ್ಚಳ ಕೂರ್ದಂಗೆ ತುಂಬಿ ಕಳ್ಸಿದೀವಿ!"

"ಒಂದು ಕಾಳೂ ಇರ್ಲಿಲ್ಲ ಬೀಗ್ರೇ!"

"ಹಂಗಾದ್ರೆ ನಾವು ಸುಳ್ಳು ಹೇಳ್ತೀವಾ?"

ಮಾತು ಏರಿತು, ಬೀದಿಯಲ್ಲಿ ಹಬ್ಬಿದ್ದು, ಮಠದ ಉಪದೇಶ ಎಲ್ಲವೂ ಹೊರಬಿತ್ತು. ದಾಕ್ಷಾಯಣಮ್ಮ ಎರಡೂ ಕೈಯೆತ್ತಿದಳು.

"ಇವನ ಗಿರಣಿಯಾಗೆ ಯಾವುದು ಇದ್ದಂಗಿರುತ್ತೆ ಅಂತೀನಿ! ಆ ಡಬ್ಬಿ ಬಂದ ದಿನ ನಮ್ ರಾಗಿಗೆ ಅದೇನು ಬೆರೆಸಿದ್ನೋ, ಮುದ್ದೆ ಏಲಕ್ಕಿ ವಾಸ್ನೆ! ಹುರಿಗಡಲೆ ರುಚಿ! ನಮ್ಮನೆಯೋರು ಇವತ್ತಿಗೂ..."

"ಏನಂದ್ರಿ?" ಎಂದಳು ಮಾಲಿನಿ.

"ಏಲಕ್ಕಿ ಕಣಮ್ಮಾ. ಏಲಕ್ಕಿ."

ಮಾಲಿನಿ ಡಬ್ಬಿಯನ್ನೇ ನೋಡುತ್ತಾ ಹೇಳಿದಳು. "ಅಕ್ಕಿ ಹುರಿದು, ಹುರಿಗಡಲೆ, ಏಲಕ್ಕಿ ಕೂಡ್ಸಿ ತುಂಬಿದ್ದೆ. ತಂಬಿಟ್ಟಿಗೆ. ಹುರಿಯೋದು ನಾನು, ಬೀಸೋದು ಅವ್ರು, ಕಾರ್ತಿಕ ಸೋಮವಾರ ಅಮೃತಾಪುರದ ದೇವಸ್ಥಾನದಲ್ಲಿ ಇಬ್ರೂ ಸೇರಿ ತಂಬಿಟ್ಟಿನ ದೀಪ ಹಚ್ಚೋದು ಅಂತ. ಡಬ್ಬಿ ಬಸ್ಸಿಗೆ ಕೊಟ್ಟ ದಿನಾನೇ ಫೋನಲ್ಲಿ ಹೇಳ್ದೆ. 'ಆಗ್ಲಿ' ಅಂದ್ರು."

ಸಿದ್ದಲಿಂಗೇಶನಿಗೆ ಗಡಗಡ ಗಿರಣಿ, ಹೆಗಲ ಮೇಲಿನ ಫೋನು, ಕೈಯಲ್ಲಿದ್ದ ಡಬ್ಬಿ ಎಲ್ಲವೂ ಒಮ್ಮೆಗೇ ಕಣ್ಣ ಮುಂದೆ ಬಂದವು.

"ನಾನೇ ಸುರಿದ್ನಲ್ಲವ್ವಾ!" ಎಂದು ಹಣೆ ಬಡಿದುಕೊಂಡ. "ದಾಕ್ಷಾಯಣಕ್ಕನ ರಾಗಿ ಜೊತೆಗೆ ನಾನೇ ಸುರಿದ್ನಲ್ಲಾ!"

ಮೊದಲು ನಕ್ಕವರು ಕಲ್ಲೇಶಪ್ಪ. ಗೇಟು ಎತ್ತಿದ ಮೇಲೆ ಭದ್ರೆಯ ನೀರು ನಿಲ್ಲುತ್ತದೆಯೇ? ಪಡಸಾಲೆಗೆ ಪಡಸಾಲೆಯೇ ನಕ್ಕಿತು. "ಸ್ಥಳ ತನಿಖೆ ಮಾಡಿದ್ರೆ ಮುದ್ದೇಲೇ ಸಿಕ್ತಿತ್ತು!" ಎಂದು ಗಂಗಾಧರಯ್ಯನವರು ಕಣ್ಣೊರೆಸಿಕೊಂಡರು. ತಾನು ತಿಂದದ್ದು ಯಾರ ದೀಪದ ಹಿಟ್ಟೆಂದು ತಿಳಿದ ದಾಕ್ಷಾಯಣಮ್ಮ ಕೆನ್ನೆ ಕೆನ್ನೆ ಬಡಿದುಕೊಂಡು ನಕ್ಕಳು. ನಾನೂ ನಕ್ಕೆ. ಬಹಳ ದಿನಗಳ ಮೇಲೆ ನಕ್ಕೆ.

ಮಾಲಿನಿ ನಗಲಿಲ್ಲ.

"ಸೋಮವಾರ ಅಮೃತಾಪುರದಲ್ಲಿ ಕೊನೇ ಬಸ್ಸು ಬರೋವರೆಗೂ ಕೂತಿದ್ದೆ" ಎಂದಳು. "ಪೂಜಾರಪ್ಪ ಪಾಪ, 'ಯಾರಿಗೆ ಕಾಯ್ತಿದೀಯಮ್ಮಾ' ಅಂತ ಕೇಳ್ತಾನೇ ಇದ್ರು. ಫೋನ್ ಮಾಡಿದ್ರೆ ಎತ್ಲಿಲ್ಲ."

ನಗು ಒಂದೊಂದಾಗಿ ಆರಿತು.

"ಮೇಡಂ, ನನ್ ತಲೇಲಿ..." ಎಂದು ಸಿದ್ದಲಿಂಗೇಶ ಶುರುಮಾಡಿದ.

"ಡಬ್ಬಿಗೆ ನಾನು ಬೇಜಾರು ಮಾಡ್ಕೊಂಡಿಲ್ಲ. ಯಾರು ಬೇಕಾದ್ರೂ ಸುರೀಬಹುದು. ಬರಿದಾಗಿ ಬಂತು ಅಂತ ಊರಿಗೆಲ್ಲ ಹೇಳಿದ್ರಿ, ಮಠಕ್ಕೆ ಹೇಳಿದ್ರಿ, ನಮ್ ಸ್ಕೂಲ್ ಎದುರಿಗೆ ಬಂದು ಕೂತ್ರಿ. ನನ್ನನ್ನೊಬ್ಬಳನ್ನ ಬಿಟ್ಟು ಎಲ್ರನ್ನೂ ಕೇಳಿದ್ರಿ. ನಾಳೆ ಸಾರಿಗೆ ಉಪ್ಪು ಕಮ್ಮಿ ಆದ್ರೆ ಅದಕ್ಕೇನು ಅರ್ಥ ಅಂತ ನಾನು ಯಾರ್ಯಾರಿಗೆ ಉತ್ತರ ಹೇಳ್ಲಿ?"

ಗಂಗಾಧರಯ್ಯನವರು ಆತುರ ಬೇಡ, ಎರಡೂ ಕಡೆಯವರು ಯೋಚನೆ ಮಾಡಲಿ ಎಂದು ಕಾಫಿ ತರಿಸಿದರು. ಮಾಲಿನಿ ಕಾಫಿಯನ್ನು ಪೂರ್ತಿ ಕುಡಿದಳು. ಅದಕ್ಕೆ ಅರ್ಥ ಹುಡುಕುವ ಶಕ್ತಿ ಸಿದ್ದಲಿಂಗೇಶನಲ್ಲಿ ಉಳಿದಿರಲಿಲ್ಲ.

ಊರಿಗೆ ಬಂದೊಡನೆ ಸಾವಿತ್ರಮ್ಮ ಅಕ್ಕಿ ಹುರಿದಳು, ಕಡಲೆ ಕೂಡಿಸಿದಳು. ಸಿದ್ದಲಿಂಗೇಶ ಗಿರಣಿಯ ಕಲ್ಲನ್ನು ತೊಳೆದು ಒರೆಸಿ ಅದೊಂದನ್ನೇ ಬೀಸಿದ. ಬೆಲ್ಲದ ಪಾಕ ಕೂಡಿಸಿ ತಂಬಿಟ್ಟು ಕಟ್ಟಿ, ಅದೇ ಡಬ್ಬಿಯಲ್ಲಿ ತುಂಬಿ ತಿಮ್ಮೇಶನ ಕೈಗೆ ಕೊಟ್ಟರು. ಇನ್ನೂ ಮುನಿಸಿಕೊಂಡಿದ್ದ ತಿಮ್ಮೇಶ ಈ ಸಲ ಮುಚ್ಚಳ ತೆಗೆದು, ಸುತ್ತ ನಿಂತವರಿಗೆಲ್ಲ ತೋರಿಸಿ, "ನೋಡ್ಕಳ್ರಪ್ಪಾ, ತುಂಬೈತೆ!" ಎಂದು ಸಾರಿ ಬಸ್ಸು ಹತ್ತಿದ.

ಡಬ್ಬಿ ಮರುದಿನವೇ ಬಂತು. ಸಿದ್ದಲಿಂಗೇಶ ಗಿರಣಿ ನಿಲ್ಲಿಸಿ ಮುಚ್ಚಳ ತೆಗೆದ. ತೊಳೆದು ಒರೆಸಿದ್ದ ತಳದಲ್ಲಿ ಒಂದು ಚಮಚ ಸಕ್ಕರೆಯಿತ್ತು.

ಯಾವ ಮನೆಗಾದರೂ ಹಾಕಿ ಕಳುಹಿಸುವಷ್ಟು.

ಮೊದಲಿನ ಸಿದ್ದಲಿಂಗೇಶನಾಗಿದ್ದರೆ ಆ ಸಕ್ಕರೆಯನ್ನು ಹಿಡಿದು ಬೀದಿಯೆಲ್ಲ ಸುತ್ತುತ್ತಿದ್ದ. ಅವನು ಹಾಗೆ ಮಾಡಲಿಲ್ಲ. ಅಲ್ಲಿಯೇ ನಿಂತು ಫೋನು ಮಾಡಿದ, ರಿಂಗು ಪೂರ್ತಿ ಆಗಲು ಬಿಟ್ಟ, ಅವಳು ಎತ್ತಿದಾಗ ನೇರವಾಗಿ ಕೇಳಿದ.

"ಮೇಡಂ, ಮದ್ವೆ ಬೇಡ ಅಂತ್ಲಾ?"

"ಹೌದು ಕಣ್ರೀ, ಬೇಡ ಅಂತ" ಎಂದಳು ಮಾಲಿನಿ. ಹಿಂದೆಯೇ, "ಕೇಳಿದ್ದು ಒಳ್ಳೇದಾಯ್ತು" ಎಂದಳು. ಮೊದಲೇ ಕೇಳಿದ್ದರೆ ಎಂದು ಅವಳು ಹೇಳಲಿಲ್ಲ. ಒಳ್ಳೆಯ ಹೆಣ್ಣುಮಗಳು.

ಅವನ ತಲೆಯೊಳಗಿನ ಗಿರಣಿ ಅಂದೇ ನಿಂತಿತು. ಬೀಸಲು ಕಾಳೇ ಉಳಿದಿರಲಿಲ್ಲ.

ಸಾವಿತ್ರಮ್ಮ ಆ ರಾತ್ರಿ ಅಡಿಗೆಮನೆಯ ಪಾತ್ರೆಗಳನ್ನೆಲ್ಲ ಕೆಳಗಿಳಿಸಿ, ತಿರುಗಿಸಿ ತಿರುಗಿಸಿ ಹೆಸರು ನೋಡಿದಳಂತೆ. ತರೀಕೆರೆಯವರದೊಂದು ಲೋಟವೋ ಚಮಚವೋ ತಪ್ಪಿ ಉಳಿದಿದ್ದರೆ, ಹಿಂದಿರುಗಿಸುವ ನೆಪದಲ್ಲಿ ಏನಾದರೂ ತುಂಬಿ ಕಳುಹಿಸಬಹುದಿತ್ತು. ಹೋಗಿ ಬಂದದ್ದೆಲ್ಲ ಅವಳದೇ ಡಬ್ಬಿ. ಅವರದೆಂಬುದು ಮನೆಯಲ್ಲಿ ಒಂದೂ ಸಿಗಲಿಲ್ಲ.

ಈಗ ನಮ್ಮ ಗಿರಣಿಯಲ್ಲಿ ತಪ್ಪು ನಡೆಯುವುದಿಲ್ಲ. ಪ್ರತಿಯೊಂದು ಡಬ್ಬಿಗೂ ಸಿದ್ದಲಿಂಗೇಶ ಗಿರಣಿ ನಿಲ್ಲಿಸುತ್ತಾನೆ. ಮುಚ್ಚಳ ತೆಗೆದು ಮೂಸುತ್ತಾನೆ. ಡಬ್ಬಿಯನ್ನು ಮೇಲೆತ್ತಿ, "ಯಾರದಮ್ಮಾ ಇದು?" ಎಂದು ಕೇಳಿ, ಯಾರಾದರೂ ನಮ್ಮದು ಎನ್ನುವವರೆಗೂ ಕಾಯುತ್ತಾನೆ. ಇಷ್ಟು ಜೋಪಾನದ ಗಿರಣಿಯವನು ಸುತ್ತಲ ಸೀಮೆಯಲ್ಲೇ ಇಲ್ಲವೆಂದು ಕಡೂರಿನಿಂದಲೂ ಜನ ಕಾಳು ತರುತ್ತಾರೆ.

ಮೊನ್ನೆ ನಾನು ರಾಗಿ ಒಯ್ದಿದ್ದೆ. ಡಬ್ಬಿಯ ಮೇಲೆ ನನ್ನ ಮನೆಯಾಕೆಯ ಹೆಸರಿದೆ. ಅವನು ಅದನ್ನು ಓದಿಕೊಂಡ. ನಾನೊಬ್ಬನೇ ಎದುರಿಗೆ ನಿಂತಿದ್ದರೂ ಡಬ್ಬಿಯನ್ನು ಎತ್ತಿ ಹಿಡಿದು, "ಯಾರದು ಇದು?" ಎಂದ.

"ನಮ್ಮದೇ ಕಣಪ್ಪಾ" ಎಂದೆ.

ಆಮೇಲೆ ಗಿರಣಿ ಹಾಕಿದ.